ಇಂದಿರಾನಗರ: ಪೌರಸೇವೆಗಳು ಮತ್ತು ನಿವಾಸಿಗಳ ಅಭಿಪ್ರಾಯ

ಇಂದಿರಾನಗರ ಬೆಂಗಳೂರಿನ ಪೂರ್ವಭಾಗದ ಬಡಾವಣೆ. ಉತ್ತರಕ್ಕೆ ಹಳೇ ಮದ್ರಾಸು ರಸ್ತೆ, ದಕ್ಷಿಣಕ್ಕೆ ದೊಮ್ಮಲೂರು ಮತ್ತು ಕೋಡಿಹಳ್ಳಿ, ಪೂರ್ವಕ್ಕೆ ತಿಪ್ಪಸಂದ್ರ ಮತ್ತು ಜೀವನಭೀಮಾನಗರ, ಪಶ್ಚಿಮಕ್ಕೆ ಜೋಗುಪಾಳ್ಯ ಮತ್ತು ಹಲಸೂರು. 1970ರ ದಶಕದಲ್ಲಿ ರೂಪುಗೊಂಡ ಈ ಬಡಾವಣೆಗೆ ಇಂದಿರಾ ಗಾಂಧಿಯವರ ಹೆಸರಿಡಲಾಯಿತು. ನಿವೃತ್ತರು ನೆಮ್ಮದಿಯಿಂದ ಬದುಕಲೆಂದು ಕಟ್ಟಿಕೊಂಡ ಮನೆಗಳ ಸಾಲು ಐವತ್ತು ವರ್ಷಗಳೊಳಗೆ ನಗರದ ಅತಿ ದುಬಾರಿ ವ್ಯಾಪಾರದ ಬೀದಿಗಳಲ್ಲಿ ಒಂದಾಯಿತು. ನೀರು, ಕಸ, ರಸ್ತೆ, ಪಾದಚಾರಿ ಮಾರ್ಗ, ಶಬ್ದ, ಮರ, ಸಾರಿಗೆ ಇವುಗಳ ಬಗ್ಗೆ ಇಲ್ಲಿನ ಜನ ಆಡಿದ ಮಾತು ಬೆಂಗಳೂರಿನ ಪೌರಾಡಳಿತದ ಚರ್ಚೆಯಲ್ಲಿ ಮತ್ತೆ ಮತ್ತೆ ಕೇಳಿಬಂದಿದೆ. ಆ ಮಾತು ಯಾರದು, ಅದನ್ನು ಯಾರು ಯಾವ ಬಗೆಯಲ್ಲಿ ಕೇಳಿಸಿಕೊಂಡರು, ಅದರಿಂದ ಏನು ಬದಲಾಯಿತು ಎಂಬುದೇ ಈ ಲೇಖನದ ವಸ್ತು. ಇಂದಿರಾನಗರದ ಅಭಿಪ್ರಾಯವೆಂದು ದಾಖಲೆಗಳಲ್ಲಿ ಕಾಣಸಿಗುವುದು ಬಹುಮಟ್ಟಿಗೆ ಅದರ ಅಗಲ ರಸ್ತೆಗಳ ಅಭಿಪ್ರಾಯ. ಅದರ ಹೊಟ್ಟೆಯೊಳಗೇ ಇರುವ ಹಳ್ಳಿಗಳ ದನಿ ಬೇರೆ, ಅವುಗಳ ಬೇಡಿಕೆಯ ಪಟ್ಟಿಯೂ ಬೇರೆ.

ಬಡಾವಣೆ ಮತ್ತು ಅದರೊಳಗಿನ ಊರುಗಳು

ಇಂದಿರಾನಗರ ಒಂದೇ ಸಲಕ್ಕೆ ಒಂದೇ ನಕ್ಷೆಯಲ್ಲಿ ಹುಟ್ಟಿದ್ದಲ್ಲ. ಒಂದನೇ ಹಂತ, ಎಚ್‌ಎಎಲ್ ಎರಡನೇ ಹಂತ, ಎಚ್‌ಎಎಲ್ ಮೂರನೇ ಹಂತ, ಸೇನಾಧಿಕಾರಿಗಳು ನೆಲೆಸಿದ ಡಿಫೆನ್ಸ್ ಕಾಲೊನಿ, ಎಲ್ಲವೂ ಸೇರಿ ಜನರ ಬಾಯಲ್ಲಿ ಇಂದಿರಾನಗರ ಆಯಿತು. ಬೆಂಗಳೂರಿನಲ್ಲಿ ಬಡಾವಣೆ ಮಾಡುವ ಕೆಲಸ 1945ರಿಂದ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿಯದ್ದಾಗಿತ್ತು. 1976ರ ಕಾಯಿದೆಯ ಮೂಲಕ ಅದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ, ಅಂದರೆ ಬಿಡಿಎಯ, ಕೈಗೆ ಬಂತು. ಎಚ್‌ಎಎಲ್, ಐಟಿಐ, ರಕ್ಷಣಾ ಪ್ರಯೋಗಾಲಯಗಳು, ಬ್ಯಾಂಕುಗಳಲ್ಲಿ ದುಡಿದವರು ನಲವತ್ತಕ್ಕೆ ಅರವತ್ತರ ಸೈಟುಗಳಲ್ಲಿ ಮನೆ ಕಟ್ಟಿಕೊಂಡರು. ಕಾಂಪೌಂಡಿನೊಳಗೆ ಒಂದು ತೆಂಗು, ಒಂದು ಮಾವು, ಹೊರಗೆ ಸಾಲುಮರ. ಈ ತಲೆಮಾರಿನ ಮನೆಯವರಿಗೆ ಬಡಾವಣೆಯೆಂದರೆ ಬಿಡಿಎ ಕೊಟ್ಟ ಒಂದು ಮಾತು: ಇದು ವಾಸದ ಜಾಗ.

ಆದರೆ ನೆಲ ಖಾಲಿಯಿರಲಿಲ್ಲ. ಬಿನ್ನಮಂಗಲ, ಮೋಟಪ್ಪನಪಾಳ್ಯ, ಅಪ್ಪಾರೆಡ್ಡಿಪಾಳ್ಯ, ದೂಪನಹಳ್ಳಿ, ಕೋಡಿಹಳ್ಳಿ, ದೊಮ್ಮಲೂರು ಬಡಾವಣೆಗಿಂತ ಹಳೆಯ ಊರುಗಳು. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದಲ್ಲಿ ತಮಿಳು ಶಾಸನಗಳಿವೆ. ದಂಡುಪ್ರದೇಶ ಹುಟ್ಟುವ ಎಷ್ಟೋ ಶತಮಾನಗಳ ಮುಂಚೆಯೇ ಇಲ್ಲಿ ಬದುಕು ನಡೆದಿತ್ತು. ಬಡಾವಣೆಗೆಂದು ಹೊಲ ಹೋಯಿತು, ಗ್ರಾಮಠಾಣ ಉಳಿಯಿತು. ಹೀಗೆ ಉಳಿದ ಊರುಗಳಲ್ಲಿ ಓಣಿಗಳು ಕಿರಿದು, ಮನೆಗಳು ಒಂದಕ್ಕೊಂದು ಒತ್ತಿಕೊಂಡು ಮೂರು ನಾಲ್ಕು ಮಹಡಿ ಎದ್ದವು. ಅಗಲ ರಸ್ತೆಗಳ ಮನೆಗಳಿಗೆ ಕೆಲಸಕ್ಕೆ ಹೋಗುವವರು, ಹೋಟೆಲುಗಳ ಅಡುಗೆಮನೆಯಲ್ಲಿ ದುಡಿಯಲು ಈಶಾನ್ಯ ರಾಜ್ಯಗಳಿಂದಲೂ ಒಡಿಶಾದಿಂದಲೂ ಬಂದ ಹುಡುಗರು, ಆಟೊ ಚಾಲಕರು, ಪೌರಕಾರ್ಮಿಕರು ಬಾಡಿಗೆಗೆ ಸಿಗುವ ಜಾಗ ಹುಡುಕುವುದು ಇಂಥ ಕಡೆಯೇ. ಕನ್ನಡ, ತಮಿಳು, ತೆಲುಗು, ಉರ್ದು ಒಂದೇ ಓಣಿಯಲ್ಲಿ ಕೇಳುತ್ತವೆ. ಡಿಫೆನ್ಸ್ ಕಾಲೊನಿಯ ಮನೆಯೊಂದರಿಂದ ಹತ್ತು ನಿಮಿಷ ನಡೆದರೆ ಪಾಳ್ಯ ಸಿಗುತ್ತದೆ. ಪೌರಸೇವೆಯ ಲೆಕ್ಕದಲ್ಲಿ ಆ ದಾರಿ ಬಹಳ ಉದ್ದ.

ಅಭಿಪ್ರಾಯ ಕೇಳಿದ ಬಗೆಗಳು

ಪೌರಸೇವೆಯ ಬಗ್ಗೆ ಜನರನ್ನೇ ಕೇಳಿ ಅಂಕ ಕೊಡಿಸುವ ಪದ್ಧತಿ ಭಾರತದಲ್ಲಿ ಬೇರೂರಿದ್ದು ಬೆಂಗಳೂರಿನಲ್ಲಿ. ಅಹಮದಾಬಾದಿನ ಐಐಎಂ ನಿರ್ದೇಶಕರಾಗಿದ್ದ, ಆಮೇಲೆ ವಿಶ್ವಬ್ಯಾಂಕಿನಲ್ಲಿ ಕೆಲಸ ಮಾಡಿದ ಸ್ಯಾಮುಯೆಲ್ ಪಾಲ್ ಇಲ್ಲಿ ನೆಲೆಸಿದ ಮೇಲೆ 1993ರಲ್ಲಿ ನಾಗರಿಕರ ವರದಿ ಕಾರ್ಡ್ ಎಂಬ ಸಮೀಕ್ಷೆಗೆ ಕೈಹಾಕಿದರು. ಮರುವರ್ಷ ಅವರದೇ ಪಬ್ಲಿಕ್ ಅಫೇರ್ಸ್ ಸೆಂಟರ್ ಹುಟ್ಟಿತು. ಶಾಲೆಯ ಮಕ್ಕಳಿಗೆ ಅಂಕಪಟ್ಟಿ ಕೊಡುವಂತೆ ಜಲಮಂಡಳಿ, ವಿದ್ಯುತ್ ಮಂಡಳಿ, ಮಹಾನಗರಪಾಲಿಕೆ, ಬಿಡಿಎ, ಆಸ್ಪತ್ರೆ, ದೂರವಾಣಿ ಒಂದೊಂದಕ್ಕೂ ಬಳಕೆದಾರರಿಂದ ಅಂಕ ಹಾಕಿಸಲಾಯಿತು. ಬಿಡಿಎ ಬಗ್ಗೆ ತೃಪ್ತರಾಗಿದ್ದವರು ಶೇ 1. ಎಲ್ಲ ಸಂಸ್ಥೆಗಳನ್ನು ಒಟ್ಟಿಗೆ ತೆಗೆದುಕೊಂಡರೆ ತೃಪ್ತರ ಪ್ರಮಾಣ ಸರಾಸರಿ ಶೇ 9. ಅದೇ ಸಮೀಕ್ಷೆಯನ್ನು 1999ರಲ್ಲೂ 2003ರಲ್ಲೂ ಮತ್ತೆ ಮಾಡಿದಾಗ ಈ ಸರಾಸರಿ ಶೇ 34ಕ್ಕೆ, ಬಳಿಕ ಶೇ 49ಕ್ಕೆ ಏರಿತು.

ಈ ಏರಿಕೆಯನ್ನು ಸರಿಯಾಗಿ ಓದಬೇಕು. ಮೊದಲ ವರದಿ ಪತ್ರಿಕೆಗಳಲ್ಲಿ ಬಂದಾಗ ಸಂಸ್ಥೆಗಳಿಗೆ ಮುಜುಗರವಾಯಿತು, ಆದರೆ ಎಲ್ಲವೂ ಕೂಡಲೇ ಕದಲಲಿಲ್ಲ. ಎರಡನೇ ವರದಿಯ ಹೊತ್ತಿಗೆ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದರು, ನಂದನ್ ನಿಲೇಕಣಿಯವರ ನೇತೃತ್ವದಲ್ಲಿ ಬೆಂಗಳೂರು ಅಜೆಂಡಾ ಕಾರ್ಯಪಡೆ 1999ರಲ್ಲಿ ರಚನೆಯಾಗಿತ್ತು. ಸಂಸ್ಥೆಗಳ ಮುಖ್ಯಸ್ಥರು ಸಾರ್ವಜನಿಕರೆದುರು ಬಂದು ತಮ್ಮ ಕೆಲಸದ ವರದಿ ಒಪ್ಪಿಸುವ ಸಭೆಗಳು ನಡೆದವು. ಆಸ್ತಿ ತೆರಿಗೆಯ ಸ್ವಯಂಘೋಷಣಾ ಪದ್ಧತಿ, ಮನೆಬಾಗಿಲ ಕಸ ಸಂಗ್ರಹ ಈ ಕಾಲದ ಫಲ. ಜನರ ತೃಪ್ತಿ ಹೆಚ್ಚಿದ್ದಕ್ಕೆ ಸಮೀಕ್ಷೆಯೊಂದೇ ಕಾರಣವಲ್ಲ; ಸಮೀಕ್ಷೆ ಹೇಳಿದ್ದನ್ನು ಹಿಡಿದು ಕೆಲಸ ಮಾಡುವ ರಾಜಕೀಯ ಇಚ್ಛೆ ಜೊತೆಗೂಡಿತ್ತು. 2004ರಲ್ಲಿ ಸರ್ಕಾರ ಬದಲಾದಾಗ ಕಾರ್ಯಪಡೆಯೂ ಮುಗಿಯಿತು. ಅದು ಉದ್ಯಮಿಗಳ, ಸುಶಿಕ್ಷಿತರ ಕೂಟವಾಗಿತ್ತು, ಚುನಾಯಿತ ಪಾಲಿಕೆ ಸದಸ್ಯರನ್ನು ಬದಿಗೆ ಸರಿಸಿತು ಎಂಬ ಟೀಕೆಯಲ್ಲಿ ಹುರುಳಿದೆ.

ವರದಿ ಕಾರ್ಡಿನ ಇನ್ನೊಂದು ಗುಣವನ್ನು ಇಂದಿರಾನಗರದ ಮಟ್ಟಿಗೆ ವಿಶೇಷವಾಗಿ ನೆನೆಯಬೇಕು. ಅದು ಮಧ್ಯಮವರ್ಗದ ಮನೆಗಳನ್ನೂ ಕೊಳೆಗೇರಿಯ ಮನೆಗಳನ್ನೂ ಪ್ರತ್ಯೇಕವಾಗಿ ಕೇಳಿತು. ಇಬ್ಬರ ಉತ್ತರವನ್ನೂ ಒಂದೇ ಪಾತ್ರೆಗೆ ಸುರಿದು ಸರಾಸರಿ ತೆಗೆದಿದ್ದರೆ ಬಡವರ ಅನುಭವ ಅದರಲ್ಲಿ ಕರಗಿ ಕಾಣೆಯಾಗುತ್ತಿತ್ತು. ಆಮೇಲೆ ಬಂದ ಅನೇಕ ಅಭಿಪ್ರಾಯ ಸಂಗ್ರಹಗಳು ಈ ಎಚ್ಚರವನ್ನು ಕೈಬಿಟ್ಟವು.

ರಮೇಶ್ ಮತ್ತು ಸ್ವಾತಿ ರಾಮನಾಥನ್ 2001ರಲ್ಲಿ ಕಟ್ಟಿದ ಜನಾಗ್ರಹ ಸಂಸ್ಥೆ ಇನ್ನೊಂದು ದಾರಿ ಹಿಡಿಯಿತು. ಸೇವೆ ಹೇಗಿದೆ ಎಂದು ಕೇಳುವ ಬದಲು, ನಿಮ್ಮ ವಾರ್ಡಿಗೆ ಬಂದ ಹಣವನ್ನು ಮೊದಲು ಯಾವುದಕ್ಕೆ ಖರ್ಚು ಮಾಡಬೇಕು ಎಂದು ಅದು ಕೇಳಿತು. ಬ್ರೆಜಿಲಿನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ಆರಂಭಿಸಿದ, ಪುಣೆ 2006ರಲ್ಲಿ ಅಳವಡಿಸಿಕೊಂಡ ಜನಸಹಭಾಗಿತ್ವದ ಬಜೆಟ್ಟಿನ ಬಳಗಕ್ಕೆ ಸೇರಿದ ಕೆಲಸ ಇದು. 2015ರಿಂದ ‘ನನ್ನ ನಗರ ನನ್ನ ಬಜೆಟ್’ ಅಭಿಯಾನದಲ್ಲಿ ವಾರ್ಡುವಾರು ಸಲಹೆಗಳು ಪಾಲಿಕೆಗೆ ಹೋದವು. 2020ರ ಬಳಿಕ ಪಾಲಿಕೆ ಪ್ರತಿ ವಾರ್ಡಿಗೆ ₹60 ಲಕ್ಷವನ್ನು ವಾರ್ಡ್ ಸಮಿತಿಯ ಸಲಹೆಯಂತೆ ರಸ್ತೆ, ಪಾದಚಾರಿ ಮಾರ್ಗ ಮತ್ತು ಕೊಳವೆಬಾವಿಗಳಿಗೆ ಮೀಸಲಿಟ್ಟಿತು. ಅಂಥ ಅಭಿಯಾನಗಳಲ್ಲಿ ಮೇಲೆದ್ದು ಬಂದ ಬೇಡಿಕೆಗಳು ನಗರದುದ್ದಕ್ಕೂ ಒಂದೇ ತೆರನಾದವು: ನಡೆಯಲು ಬರುವ ಫುಟ್‌ಪಾತ್, ಗುಂಡಿಯಿಲ್ಲದ ರಸ್ತೆ, ಹೂಳು ತೆಗೆದ ಮೋರಿ. ಮೇಲುಸೇತುವೆಯನ್ನಾಗಲಿ ಸುರಂಗವನ್ನಾಗಲಿ ಮೊದಲ ಸಾಲಿನಲ್ಲಿ ಬರೆದವರು ವಿರಳ. ದೊಡ್ಡ ಯೋಜನೆಗಳ ಘೋಷಣೆಯಲ್ಲಿ ಮುಳುಗಿದ ಆಡಳಿತ ಈ ಸಣ್ಣ ಪಟ್ಟಿಯನ್ನು ಗಂಭೀರವಾಗಿ ಓದಬೇಕಿತ್ತು.

ಕೇಂದ್ರ ಸರ್ಕಾರ 2021ರ ಮಾರ್ಚ್‌ನಲ್ಲಿ ಪ್ರಕಟಿಸಿದ ಸುಗಮ ಜೀವನ ಸೂಚ್ಯಂಕದಲ್ಲಿ ಹತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳ ಪೈಕಿ ಬೆಂಗಳೂರು 66.70 ಅಂಕದೊಂದಿಗೆ ಮೊದಲನೆಯದಾಯಿತು. ಅದೇ ದಿನ ಪ್ರಕಟವಾದ ಪೌರಸಂಸ್ಥೆಗಳ ಕಾರ್ಯಕ್ಷಮತೆಯ ಸೂಚ್ಯಂಕದಲ್ಲಿ ಅದೇ ಬೆಂಗಳೂರು 31ನೆಯದು. ಇಂದಿರಾನಗರದಲ್ಲಿ ಬದುಕಿದವರಿಗೆ ಈ ಎರಡು ಸಂಖ್ಯೆಗಳ ನಡುವೆ ವಿರೋಧ ಕಾಣುವುದಿಲ್ಲ. ಒಳ್ಳೆಯ ಶಾಲೆ, ಆಸ್ಪತ್ರೆ, ಕೆಲಸ, ಹವೆ ಎಲ್ಲವೂ ಇದ್ದು ಮನೆಯ ಮುಂದಿನ ಚರಂಡಿ ಮಾತ್ರ ತುಂಬಿ ಹರಿಯುವುದು ಅವರ ನಿತ್ಯದ ಅನುಭವ.

2023ರಲ್ಲಿ ‘ಬ್ರ್ಯಾಂಡ್ ಬೆಂಗಳೂರು’ ಹೆಸರಿನಲ್ಲಿ ರಾಜ್ಯ ಸರ್ಕಾರ ಸಲಹೆಗಳನ್ನು ಆಹ್ವಾನಿಸಿದಾಗ 70,000ಕ್ಕೂ ಹೆಚ್ಚು ಬಂದವು. 2024ರ ಜನವರಿ 3ರಂದು ಕೆ.ಆರ್. ಪುರದಲ್ಲಿ ‘ಬಾಗಿಲಿಗೆ ಬಂತು ಸರ್ಕಾರ, ಸೇವೆಗೆ ಇರಲಿ ನಿಮ್ಮ ಸಹಕಾರ’ ಕಾರ್ಯಕ್ರಮ ಆರಂಭವಾಯಿತು. ಜನ ಅರ್ಜಿ ಹಿಡಿದು ಸಾಲಾಗಿ ನಿಂತರು. ಖಾತಾ, ಪಿಂಚಣಿ, ಮನೆ, ರಸ್ತೆ ಎಲ್ಲದಕ್ಕೂ ಕಾರ್ಯಕ್ರಮ ನಡೆಸಿದ ಉಪಮುಖ್ಯಮಂತ್ರಿಯವರೆಗೆ ಹೋಗಬೇಕಾಯಿತೆಂದರೆ ವಾರ್ಡ್ ಆಫೀಸಿನ ಬಾಗಿಲು ಎಷ್ಟರಮಟ್ಟಿಗೆ ತೆರೆದಿತ್ತು ಎಂಬುದು ಆ ಸಾಲಿನಲ್ಲೇ ಕಾಣುತ್ತದೆ.

ಸಿಎಂಎಚ್ ರಸ್ತೆ ಮತ್ತು ಮೆಟ್ರೊ

ಇಂದಿರಾನಗರದ ಜನಾಭಿಪ್ರಾಯ ಹೋಳಾದ ಮೊದಲ ದೊಡ್ಡ ಸಂದರ್ಭ ನಮ್ಮ ಮೆಟ್ರೊ. ಚಿನ್ಮಯ ಮಿಷನ್ ಆಸ್ಪತ್ರೆಯಿಂದ ಹೆಸರು ಪಡೆದ ಸಿಎಂಎಚ್ ರಸ್ತೆಯ ಮೇಲೆ ಮಾರ್ಗ ಬರಲಿದೆಯೆಂದು ಗೊತ್ತಾದಾಗ ಅಲ್ಲಿನ ವರ್ತಕರು ಪ್ರತಿಭಟನೆಗೆ ಇಳಿದರು. ಮಾರ್ಗ ಹಳೇ ಮದ್ರಾಸು ರಸ್ತೆಯಲ್ಲಿ ಹೋಗಲಿ, ಅಲ್ಲಿ ಜಾಗ ಅಗಲವಿದೆ, ಅಂಗಡಿ ಒಡೆಯುವ ಅಗತ್ಯವಿಲ್ಲ ಎಂಬುದು ಅವರ ವಾದ. ಫಲಕ ಹಿಡಿದರು, ಅಂಗಡಿ ಮುಚ್ಚಿದರು, ಹೈಕೋರ್ಟಿಗೂ ಹೋದರು. ಮರಗಳು ಹೋಗುತ್ತವೆ ಎಂಬ ಸಂಕಟ ಮನೆಯವರಲ್ಲೂ ಇತ್ತು. 2006ರ ಜೂನ್ 24ರಂದು ಪ್ರಧಾನಿ ಮನಮೋಹನ್ ಸಿಂಗ್ ಯೋಜನೆಗೆ ಶಂಕುಸ್ಥಾಪನೆ ಮಾಡಿದ್ದರು, ಮಾರ್ಗ ಬದಲಾಗಲಿಲ್ಲ. ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗಿನ 6.7 ಕಿಲೋಮೀಟರು, ಆರು ನಿಲ್ದಾಣಗಳ ಮೊದಲ ಹಂತ 2011ರ ಅಕ್ಟೋಬರ್ 20ರಂದು ತೆರೆಯಿತು. ಇಂದಿರಾನಗರ, ಸ್ವಾಮಿ ವಿವೇಕಾನಂದ ರಸ್ತೆ, ಹಲಸೂರು ಈ ಹಾದಿಯ ನಿಲ್ದಾಣಗಳು.

ಇಂದು ಇಂದಿರಾನಗರ ನಿಲ್ದಾಣವೇ ಬಡಾವಣೆಯ ಹೆಬ್ಬಾಗಿಲು. ಆದರೆ ಈಗಿನ ಜನಜಂಗುಳಿಯನ್ನು ತೋರಿಸಿ ಅಂದಿನ ವಿರೋಧ ತಪ್ಪಾಗಿತ್ತು ಎಂದು ಹೇಳಿಬಿಡುವುದು ನ್ಯಾಯವಲ್ಲ. ಕಾಮಗಾರಿಯ ವರ್ಷಗಳಲ್ಲಿ ಬಾಡಿಗೆ ಕಟ್ಟಲಾಗದೆ ಮುಚ್ಚಿದ ಅಂಗಡಿಯವನಿಗೆ ಆಮೇಲೆ ಬಂದ ಸಮೃದ್ಧಿ ಸಿಗಲಿಲ್ಲ. ವಿರೋಧದ ಒಳಗಿದ್ದ ನಿಜವಾದ ದೂರು ಮಾರ್ಗದ್ದಲ್ಲ, ಕೇಳದೆ ತೀರ್ಮಾನಿಸಿದ್ದರದ್ದು. ಬಾಡಿಗೆದಾರನ ನಷ್ಟವನ್ನು ಪರಿಹಾರದ ಲೆಕ್ಕಕ್ಕೆ ಎಷ್ಟರಮಟ್ಟಿಗೆ ತರಬೇಕು ಎಂಬ ಪ್ರಶ್ನೆ ಆಮೇಲಿನ ಪ್ರತಿ ಮೆಟ್ರೊ ಮಾರ್ಗದಲ್ಲೂ ಎದ್ದಿದೆ. 2025ರ ಫೆಬ್ರುವರಿಯಲ್ಲಿ ಗರಿಷ್ಠ ದರ ₹90ಕ್ಕೆ ಏರಿದಾಗ ಬಂದ ಆಕ್ಷೇಪ ಬೇರೆ ಜನರದ್ದು: ದಿನವೂ ರೈಲಿನಲ್ಲಿ ಬಂದು ಅಂಗಡಿ, ಕಚೇರಿ, ಮನೆಗಳಲ್ಲಿ ದುಡಿದು ಹೋಗುವವರದ್ದು. ಅವರು ಇಂದಿರಾನಗರದ ಮತದಾರರಲ್ಲ. ಇಂದಿರಾನಗರ ನಡೆಯುವುದು ಅವರಿಂದಲೇ.

ಮನೆಯೋ ಅಂಗಡಿಯೋ

ಇಂದಿರಾನಗರದ ನಿವಾಸಿಗಳನ್ನು ಯಾವ ಸಭೆಯಲ್ಲಿ ಕೇಳಿದರೂ ಮೊದಲು ಬರುವ ಮಾತು ವಾಣಿಜ್ಯೀಕರಣ. 100 ಅಡಿ ರಸ್ತೆ, 80 ಅಡಿ ರಸ್ತೆ, ಸಿಎಂಎಚ್ ರಸ್ತೆ, ಡಬಲ್ ರೋಡ್‌ಗಳಲ್ಲಿ ಅಂಗಡಿ ಬರುವುದನ್ನು ಬಹುತೇಕರು ಒಪ್ಪಿಕೊಂಡಿದ್ದಾರೆ. 12ನೇ ಮೇನ್‌ನಲ್ಲಿ, ಅದರ ಅಡ್ಡರಸ್ತೆಗಳಲ್ಲಿ, ಮನೆಯ ಪಕ್ಕದ ಮನೆ ಒಂದು ಬೆಳಿಗ್ಗೆ ಪಬ್ ಆದದ್ದನ್ನು ಅವರು ಒಪ್ಪಲಿಲ್ಲ.

ಇದರ ಬೇರು 2007ರಲ್ಲಿ ಜಾರಿಗೆ ಬಂದ ‘ಪರಿಷ್ಕೃತ ನಗರ ಮಹಾಯೋಜನೆ 2015’ರಲ್ಲಿದೆ. ವಸತಿ ವಲಯಗಳಲ್ಲಿ ರಸ್ತೆಯ ಅಗಲ ನೋಡಿಕೊಂಡು ಒಂದಿಷ್ಟು ವ್ಯಾಪಾರಕ್ಕೆ ಅದು ಎಡೆಮಾಡಿತು. ಮನೆಯ ಕೆಳಗೊಂದು ಕಿರಾಣಿ ಅಂಗಡಿ, ಒಬ್ಬ ವೈದ್ಯರ ಚಿಕಿತ್ಸಾಲಯ, ಟೈಲರ್, ಇಸ್ತ್ರಿ ಅಂಗಡಿ ಇರಲಿ ಎಂಬುದು ತತ್ತ್ವವಾಗಿ ಕೆಟ್ಟದ್ದೇನಲ್ಲ; ಹಳೆಯ ಬೆಂಗಳೂರು ಬದುಕಿದ್ದೇ ಹಾಗೆ. ಆದರೆ ಆ ಸಂದಿಯಲ್ಲಿ ನುಗ್ಗಿದ್ದು ಇಸ್ತ್ರಿ ಅಂಗಡಿಯಲ್ಲ, ನಾಲ್ಕು ಮಹಡಿಯ ರೆಸ್ಟೊರೆಂಟು. ನಗರದ ನಾಗರಿಕ ಸಂಘಟನೆಗಳು ಹೈಕೋರ್ಟಿಗೆ ಹೋದವು. 40 ಅಡಿಗಿಂತ ಕಿರಿದಾದ ವಸತಿ ರಸ್ತೆಗಳಲ್ಲಿ ವ್ಯಾಪಾರ ಕೂಡದು ಎಂಬ ಮಾನದಂಡ ಮುನ್ನೆಲೆಗೆ ಬಂತು. ಅಡ್ಡರಸ್ತೆಯ ಅಗಲವನ್ನು ಟೇಪು ಹಿಡಿದು ಅಳೆದು ದೂರು ಬರೆಯುವುದನ್ನು ನಿವೃತ್ತ ಇಂಜಿನಿಯರುಗಳು ಇಲ್ಲಿ ಒಂದು ಪೌರವಿದ್ಯೆಯನ್ನಾಗಿ ಬೆಳೆಸಿದ್ದಾರೆ. ‘ಐ ಚೇಂಜ್ ಇಂದಿರಾನಗರ’ ಎಂಬ ನಾಗರಿಕರ ಗುಂಪು ಈ ಹೋರಾಟದಲ್ಲಿ ಹೆಸರು ಮಾಡಿತು. ಮುಂದಿನ ಮಹಾಯೋಜನೆ 2031ರ ಕರಡು 2017ರ ಕೊನೆಯಲ್ಲಿ ಪ್ರಕಟವಾದಾಗ ನಗರದಾದ್ಯಂತ ಸಾವಿರಾರು ಆಕ್ಷೇಪಗಳು ಬಂದವು. ಆ ಕರಡನ್ನೇ ಸರ್ಕಾರ ಹಿಂತೆಗೆದುಕೊಂಡಿತು. ಹಳೆಯ ಯೋಜನೆಯ ಹೆಸರಿನಲ್ಲಿರುವ ವರ್ಷ ಎಂದೋ ಕಳೆದಿದೆ. ಬೀದಿ ಇನ್ನೂ ಅದರ ಲೆಕ್ಕದಲ್ಲೇ ಸಾಗಿದೆ.

ಶಬ್ದದ ದೂರು ಇದರ ಮಗು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ವಾಣಿಜ್ಯ ಪ್ರದೇಶದಲ್ಲಿ ಇದು 65 ಮತ್ತು 55. ತಾರಸಿಯ ಮೇಲೆ ಛಾವಣಿಯಿಲ್ಲದೆ ನಡೆಯುವ ಪಬ್ಬಿನ ಧ್ವನಿವರ್ಧಕಕ್ಕೆ 45 ಡೆಸಿಬೆಲ್ ಎಂಬುದು ಅಸಾಧ್ಯದ ಮಾತು. ಮಲಗುವ ಕೋಣೆಯ ಕಿಟಕಿ ನಡುಗುತ್ತದೆ, ಮಕ್ಕಳ ಪರೀಕ್ಷೆಯ ತಿಂಗಳಲ್ಲೂ ವಾರಾಂತ್ಯ ಬರುತ್ತದೆ, ಹಾಸಿಗೆ ಹಿಡಿದ ಹಿರಿಯರು ರಾತ್ರಿ 1 ಗಂಟೆಗೆ ಕೊನೆಯ ಕಾರು ಹೋಗುವವರೆಗೆ ಎಚ್ಚರವಿರುತ್ತಾರೆ. ನಿವಾಸಿಗಳು 112ಕ್ಕೆ ಕರೆ ಮಾಡುತ್ತಾರೆ, ಪೊಲೀಸರ ಹೊಯ್ಸಳ ವಾಹನ ಬರುತ್ತದೆ, ಧ್ವನಿ ಇಳಿಯುತ್ತದೆ, ವಾಹನ ಹೋದ ಮೇಲೆ ಮತ್ತೆ ಏರುತ್ತದೆ.

ಈ ದೂರು ಯಾಕೆ ಮುಗಿಯುವುದಿಲ್ಲ ಎಂಬುದಕ್ಕೆ ಆಡಳಿತದ ರಚನೆಯಲ್ಲೇ ಉತ್ತರವಿದೆ. ಉದ್ದಿಮೆ ಪರವಾನಗಿ ಪಾಲಿಕೆಯ ಆರೋಗ್ಯ ವಿಭಾಗದ್ದು. ಮದ್ಯದ ಪರವಾನಗಿ ಅಬಕಾರಿ ಇಲಾಖೆಯದ್ದು. ಕಟ್ಟಡದ ನಕ್ಷೆ ಮತ್ತು ಸ್ವಾಧೀನಾನುಭವ ಪತ್ರ ನಗರ ಯೋಜನಾ ವಿಭಾಗದ್ದು. ಸಂಗೀತಕ್ಕೆ ಅನುಮತಿ ಪೊಲೀಸ್ ಕಮಿಷನರದ್ದು, ಶಬ್ದದ ಅಳತೆ ಮಾಲಿನ್ಯ ನಿಯಂತ್ರಣ ಮಂಡಳಿಯದ್ದು, ಬೆಂಕಿಯ ಸುರಕ್ಷತೆ ಅಗ್ನಿಶಾಮಕ ದಳದ್ದು. ಒಬ್ಬರ ಬಳಿ ಹೋದರೆ ಇನ್ನೊಬ್ಬರತ್ತ ಬೆರಳು. 2005ರಲ್ಲಿ ಬೆಂಗಳೂರಿನ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿಗೆ ಹೊರಡಿಸಿದ್ದ ಆದೇಶವನ್ನು 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಪೊಲೀಸರು ನಗರದ ಪಬ್ಬುಗಳಿಗೆ ನೋಟಿಸು ಕೊಟ್ಟರು. ಪರವಾನಗಿಗೆ ಬೇಕಾದ ಸ್ವಾಧೀನಾನುಭವ ಪತ್ರವೇ ಅನೇಕ ಕಟ್ಟಡಗಳಿಗೆ ಇರಲಿಲ್ಲ. ಕೆಲವು ತಿಂಗಳು ಇಂದಿರಾನಗರದ ರಾತ್ರಿಗಳು ತಣ್ಣಗಾದವು. ಸಂಗೀತಗಾರರ ಸಂಪಾದನೆಗೂ ಆಗ ಪೆಟ್ಟು ಬಿತ್ತು, ಅವರ ಅಳಲು ಸುಳ್ಳಲ್ಲ. ನಿವಾಸಿಗಳ ಬೇಡಿಕೆ ಸಂಗೀತ ನಿಲ್ಲಿಸಿ ಎಂಬುದಲ್ಲ. ಗೋಡೆ, ಛಾವಣಿ, ಶಬ್ದತಡೆ ಇರುವ ಕಡೆ ನಡೆಸಿ ಎಂಬುದು. ಪುರಂದರ ಭವನದಲ್ಲಿ ಇಂದಿರಾನಗರ ಸಂಗೀತ ಸಭಾ ನಡೆಸುವ ಕಛೇರಿಗಳಿಗೆ ಇದೇ ಜನ ಸಂಜೆ ತುಂಬಿ ಬರುತ್ತಾರೆ.

ವಾಹನ ನಿಲುಗಡೆಯೂ ಇದರ ಜೊತೆಗೇ ಬೆಳೆದ ಕಷ್ಟ. ಹೋಟೆಲಿನ ಚಾಲಕರು ಗಿರಾಕಿಗಳ ಕಾರನ್ನು ಮನೆಗಳ ಗೇಟಿನ ಮುಂದೆ ತಂದು ನಿಲ್ಲಿಸುತ್ತಾರೆ. ಆಂಬ್ಯುಲೆನ್ಸ್ ಬಂದರೆ ಸರಿಸುವವರಿಲ್ಲ. ಬಿಡಿಎ ತನ್ನ ಏಳು ವಾಣಿಜ್ಯ ಸಂಕೀರ್ಣಗಳನ್ನು ಖಾಸಗಿ ಸಹಭಾಗಿತ್ವದಲ್ಲಿ ಮರುನಿರ್ಮಿಸಲು ಹೊರಟಾಗ ಇಂದಿರಾನಗರದ ಸಂಕೀರ್ಣವೂ ಪಟ್ಟಿಯಲ್ಲಿತ್ತು. ಮರಗಳು ಉರುಳುತ್ತವೆ, ಮಾಲ್ ಬಂದರೆ ದಟ್ಟಣೆ ತಾಳಲಾಗದು ಎಂದು ನಿವಾಸಿಗಳು ಎದ್ದುನಿಂತರು. ಆ ಸಂಕೀರ್ಣದಲ್ಲಿ ಬೆಸ್ಕಾಂ ಬಿಲ್ಲು ಕಟ್ಟಿ, ತರಕಾರಿ ಕೊಂಡು, ಚಪ್ಪಲಿ ಹೊಲಿಸಿಕೊಂಡು ಹೋಗುವ ಸಾಮಾನ್ಯರಿಗೂ ಅದು ಸಾರ್ವಜನಿಕ ಜಾಗ. ಬಂಗಲೆಯವರೂ ಪಾಳ್ಯದವರೂ ಒಂದೇ ಕಡೆ ನಿಲ್ಲಬಹುದಾದ ಅಪರೂಪದ ವಿಷಯ ಇದು.

ಪಾಳ್ಯದಲ್ಲಿ ವಾಣಿಜ್ಯೀಕರಣದ ಬಗ್ಗೆ ಇಷ್ಟು ಕಟುವಾದ ಮಾತು ಕೇಳಿಬರುವುದಿಲ್ಲ. ಅಲ್ಲಿನ ಅನೇಕರಿಗೆ ಆ ರೆಸ್ಟೊರೆಂಟು ಸಂಬಳ ಕೊಡುವ ಜಾಗ; ಕೆಳಗಿನ ಕೋಣೆಯನ್ನು ಅಂಗಡಿಗೆ ಕೊಟ್ಟ ಬಾಡಿಗೆ ಮಗಳ ಕಾಲೇಜಿನ ಫೀಸು. ಅವರ ಆಕ್ಷೇಪ ಬಾಡಿಗೆ ಏರಿದ್ದಕ್ಕೆ. ಪಿಜಿಗಳು ಬಂದ ಮೇಲೆ ಕುಟುಂಬಕ್ಕೆ ಎರಡು ಕೋಣೆಯ ಮನೆ ಸಿಗುವುದು ಕಷ್ಟವಾಯಿತು. ಯಾವ ಪೌರಸೇವೆಯ ಸಮೀಕ್ಷೆಯಲ್ಲೂ ಬಾಡಿಗೆಯ ಪ್ರಶ್ನೆಯಿರುವುದಿಲ್ಲ, ಏಕೆಂದರೆ ಅದು ಯಾವ ಇಲಾಖೆಗೂ ಸೇರುವುದಿಲ್ಲ.

ನೀರು, ಕಸ, ನಡೆಯುವ ದಾರಿ

1964ರಲ್ಲಿ ಸ್ಥಾಪನೆಯಾದ ಜಲಮಂಡಳಿ ಇಲ್ಲಿಗೆ ಕಾವೇರಿ ನೀರು ಕೊಡುತ್ತದೆ. ನಗರದ ಹೊರವಲಯಕ್ಕೆ ಹೋಲಿಸಿದರೆ ಇಂದಿರಾನಗರ ಪುಣ್ಯವಂತ. ಆ ಹೊರವಲಯದ 110 ಹಳ್ಳಿಗಳಿಗೆ ನೀರು ತರುವ, ದಿನಕ್ಕೆ 775 ದಶಲಕ್ಷ ಲೀಟರಿನ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಷ್ಟೇ. ಆದರೂ 2024ರ ಬೇಸಿಗೆಯಲ್ಲಿ ಇಲ್ಲಿಯೂ ಟ್ಯಾಂಕರಿಗೆ ಕಾಯಬೇಕಾಯಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ₹5,000 ದಂಡ ಎಂದು ಮಂಡಳಿ ಸಾರಿತು. ನೆಲದಡಿಯ ಸಂಪು, ತಾರಸಿಯ ಟ್ಯಾಂಕು, ಕೊಳವೆಬಾವಿ ಮೂರೂ ಇರುವ ಮನೆಗೆ ದಿನ ಬಿಟ್ಟು ದಿನ ನೀರು ಬಂದರೂ ನಡೆಯುತ್ತದೆ. ಡ್ರಮ್ಮಿನಲ್ಲಿ ತುಂಬಿಟ್ಟುಕೊಳ್ಳುವ ಮನೆಗೆ ನೀರು ಬರುವ ಹೊತ್ತೇ ದಿನದ ವೇಳಾಪಟ್ಟಿ: ನಲ್ಲಿ ಬಿಟ್ಟಾಗ ಮನೆಯಲ್ಲಿರಬೇಕಾದ್ದರಿಂದ ಹೆಂಗಸರು ಕೆಲಸಕ್ಕೆ ತಡವಾಗಿ ಹೋಗಿ ಬೈಸಿಕೊಳ್ಳುತ್ತಾರೆ. ಇಬ್ಬರಿಗೂ ನೀರಿನ ಬಗ್ಗೆ ದೂರಿದೆ. ಸಮೀಕ್ಷೆಯ ಕೋಷ್ಟಕದಲ್ಲಿ ಎರಡೂ ಒಂದೇ ಗುರುತು. 2009ರಿಂದ 2,400 ಚದರಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹಳೆಯ ಮನೆಗಳಿಗೂ ಮಳೆನೀರು ಸಂಗ್ರಹ ಕಡ್ಡಾಯ. ಇಂದಿರಾನಗರದ ಸೈಟುಗಳು ಈ ಅಳತೆಗೆ ಸರಿಯಾಗಿ ಬರುತ್ತವೆ. ಆಸೆಯಿಂದ ಮಾಡಿಕೊಂಡವರು ಬೇಸಿಗೆಯಲ್ಲಿ ಅದರ ಬೆಲೆ ಕಂಡಿದ್ದಾರೆ.

ಮಾವಳ್ಳಿಪುರದ ಕಸದ ಗುಡ್ಡ 2012ರಲ್ಲಿ ಮುಚ್ಚಿದಾಗ ಬೆಂಗಳೂರಿನ ಬೀದಿಗಳಲ್ಲಿ ಕಸ ಕೊಳೆಯಿತು. ಆ ಹಳ್ಳಿಯ ಜನ ವರ್ಷಗಟ್ಟಲೆ ಕುಡಿದ ವಿಷದ ಅರಿವು ನಗರಕ್ಕೆ ಬಂದದ್ದು ತನ್ನ ಮೂಗಿಗೆ ವಾಸನೆ ಬಡಿದಾಗ. ಹೈಕೋರ್ಟಿನ ಮೇಲ್ವಿಚಾರಣೆಯಲ್ಲಿ ಎರಡು ಬುಟ್ಟಿ ಒಂದು ಚೀಲದ ವಿಂಗಡಣೆ ಜಾರಿಗೆ ಬಂತು. ಇದನ್ನು ಮನೆಮನೆಗೆ ಹೋಗಿ ಕಲಿಸಿದವರು ಬಡಾವಣೆಗಳ ಹೆಂಗಸರು. ಅವರ ಪರಿಶ್ರಮಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ. ಇಂದಿರಾನಗರದ ಈಗಿನ ದೂರು ಮನೆಯ ಕಸಕ್ಕಿಂತ ಹೋಟೆಲಿನ ಕಸದ್ದು, ರಾತ್ರಿ ಯಾರೋ ತಂದು ಸುರಿಯುವ ಬ್ಲ್ಯಾಕ್ ಸ್ಪಾಟಿನದ್ದು. ಓಣಿಗಳಲ್ಲಿ ದೂರು ಇನ್ನೂ ಸರಳ: ಕಸದ ಆಟೊ ಒಳಗೆ ಬರುವುದಿಲ್ಲ, ಬರುವ ಹೊತ್ತಿಗೆ ಮನೆಯಲ್ಲಿ ಯಾರೂ ಇರುವುದಿಲ್ಲ. 2025ರಿಂದ ಕಟ್ಟಡದ ವಿಸ್ತೀರ್ಣ ನೋಡಿ ತಿಂಗಳಿಗೆ ₹10ರಿಂದ ₹400ರವರೆಗೆ ಕಸದ ಶುಲ್ಕ ಆಸ್ತಿ ತೆರಿಗೆಯ ಜೊತೆ ಸೇರಿದೆ. ಹಣ ಕೊಡುವವರ ಪ್ರಶ್ನೆಗಳು ಇನ್ನು ಮೇಲೆ ಚುರುಕಾಗುತ್ತವೆ.

ನಡೆಯುವ ದಾರಿಯ ಬಗ್ಗೆ ಮಾತ್ರ ಎಲ್ಲರೂ ಒಂದೇ ಮಾತು. ಬೆಳಿಗ್ಗೆ ವಾಕಿಂಗ್ ಹೋಗುವ ಹಿರಿಯರು, ಸರ್ ಸಿ.ವಿ. ರಾಮನ್ ಸಾರ್ವಜನಿಕ ಆಸ್ಪತ್ರೆಗೆ ನಡೆದು ಹೋಗುವ ಗರ್ಭಿಣಿ, ಮೆಟ್ರೊ ಇಳಿದು ಕೆಲಸಕ್ಕೆ ಓಡುವ ಹುಡುಗಿ, ಎಲ್ಲರೂ ರಸ್ತೆಗೆ ಇಳಿದೇ ನಡೆಯಬೇಕು. ಫುಟ್‌ಪಾತಿನ ಮೇಲೆ ಟ್ರಾನ್ಸ್‌ಫಾರ್ಮರ್, ಬೈಕು, ಅಂಗಡಿಯ ಮೆಟ್ಟಿಲು, ಕಿತ್ತುಹೋದ ಚಪ್ಪಡಿ. ಜಲಮಂಡಳಿ ಅಗೆದು ಮುಚ್ಚಿದ ಮೇಲೆ ಕೇಬಲಿನವರು ಅಗೆಯುತ್ತಾರೆ.

ಪ್ರತಿನಿಧಿ ಇಲ್ಲದ ವರ್ಷಗಳು

ದಂಡುಪ್ರದೇಶದ ಪುರಸಭೆ ಮತ್ತು ಪೇಟೆಯ ಪುರಸಭೆ 1949ರಲ್ಲಿ ಕೂಡಿ ಬೆಂಗಳೂರು ಮಹಾನಗರಪಾಲಿಕೆ ಆಯಿತು. 2007ರಲ್ಲಿ ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಸೇರಿ ಅದು ಬೃಹತ್ ಬೆಂಗಳೂರು ಮಹಾನಗರಪಾಲಿಕೆ, ಅಂದರೆ ಬಿಬಿಎಂಪಿ, ಆಯಿತು. 198 ವಾರ್ಡುಗಳಿಗೆ 2010ರಲ್ಲೂ 2015ರಲ್ಲೂ ಚುನಾವಣೆ ನಡೆಯಿತು. ಎರಡು ಸಲವೂ ಅರ್ಧದಷ್ಟು ಮತದಾರರು ಮತಗಟ್ಟೆಗೆ ಬರಲಿಲ್ಲ. ಇಂದಿರಾನಗರ ಹೊಯ್ಸಳನಗರ, ಜೀವನಭೀಮಾನಗರ, ಜೋಗುಪಾಳ್ಯ, ದೊಮ್ಮಲೂರು ಮೊದಲಾದ ವಾರ್ಡುಗಳಲ್ಲಿ ಹಂಚಿಹೋಗಿತ್ತು. ವಿಧಾನಸಭೆಗೂ ಅಷ್ಟೆ: ಒಂದು ಭಾಗ ಸಿ.ವಿ. ರಾಮನ್ ನಗರ ಕ್ಷೇತ್ರಕ್ಕೆ, ಜೋಗುಪಾಳ್ಯ ಮತ್ತು ದೊಮ್ಮಲೂರಿನ ಕಡೆ ಶಾಂತಿನಗರಕ್ಕೆ. ಒಂದು ಬೀದಿಯ ದೂರು ಇಬ್ಬರು ಶಾಸಕರ ನಡುವೆ ಬೀಳುವುದು ಇಲ್ಲಿ ಸಹಜ.

ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆರು ವಾರದೊಳಗೆ ಚುನಾವಣೆ ನಡೆಸಿ ಎಂದು ಆ ಡಿಸೆಂಬರಿನಲ್ಲಿ ಹೈಕೋರ್ಟ್ ಹೇಳಿತು, ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆಮೇಲೆ ವಾರ್ಡುಗಳು 243 ಆದವು, 225 ಆದವು, ಚುನಾವಣೆ ಮಾತ್ರ ಆಗಲಿಲ್ಲ. ಐದು ವರ್ಷ ಆಡಳಿತಾಧಿಕಾರಿಗಳೇ ನಗರ ನಡೆಸಿದರು. ಇದರ ಪೆಟ್ಟು ಎಲ್ಲರಿಗೂ ಸಮನಾಗಿ ಬೀಳಲಿಲ್ಲ. ಇಂಗ್ಲಿಷಿನಲ್ಲಿ ಇಮೇಲ್ ಬರೆಯಬಲ್ಲ, ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಲ್ಲ, ವಕೀಲರನ್ನು ಇಡಬಲ್ಲ ಮನೆಗೆ ಆಯುಕ್ತರೂ ಒಂದು ದಾರಿಯೇ. ಪಾಳ್ಯದವರಿಗೆ ಕಾರ್ಪೊರೇಟರ್ ಒಬ್ಬನೇ ದಾರಿಯಾಗಿದ್ದ. ಅವನ ಮನೆ ಗೊತ್ತಿತ್ತು, ಮೋರಿ ಉಕ್ಕಿದರೆ ರಾತ್ರಿಯೇ ಹೋಗಿ ಎಬ್ಬಿಸಬಹುದಿತ್ತು, ಮುಂದಿನ ಸಲ ಮತ ಕೇಳಲು ಬಂದಾಗ ನೆನಪಿಸಬಹುದಿತ್ತು. ಆ ದಾರಿ ಮುಚ್ಚಿತು. ಅದರ ಜಾಗದಲ್ಲಿ ಬಂದದ್ದು 1533 ಸಹಾಯವಾಣಿ ಮತ್ತು ಫೋನಿನ ಆ್ಯಪ್. ದೂರು ದಾಖಲಾಗುತ್ತದೆ, ಸಂಖ್ಯೆ ಬರುತ್ತದೆ, ಕೆಲಸವಾಗದೆಯೂ ದೂರು ಮುಗಿದಿದೆ ಎಂಬ ಸಂದೇಶ ಬರುವುದುಂಟು. ಸರ್ಕಾರಿ ಸೇವೆಗೆ ಗಡುವು ಹಾಕಿ, ತಡವಾದರೆ ದಿನಕ್ಕೆ ₹20ರಂತೆ ಪರಿಹಾರ ಕೊಡಬೇಕೆಂದು ಹೇಳುವ ಸಕಾಲ ಕಾಯಿದೆ ಕರ್ನಾಟಕದಲ್ಲಿ 2012ರಿಂದ ಇದೆ. ಖಾತಾ, ಪ್ರಮಾಣಪತ್ರಗಳಿಗೆ ಅದು ಒಳ್ಳೆಯ ಆಸರೆ. ರಸ್ತೆಗುಂಡಿಗೂ ತುಂಬಿದ ಚರಂಡಿಗೂ ಅದರಲ್ಲಿ ಅಂಥ ಆಸರೆ ಕಾಣದು.

ವಾರ್ಡ್ ಸಮಿತಿಗಳು ಈ ಕೊರತೆಯನ್ನು ತುಂಬಬೇಕಿತ್ತು. ಸಂವಿಧಾನದ 1992ರ 74ನೇ ತಿದ್ದುಪಡಿ ಅವನ್ನು ಕೇಳಿತ್ತು, ರಾಜ್ಯದ ನಿಯಮಗಳು ಬಂದದ್ದು 2016ರಲ್ಲಿ. ಹತ್ತು ಸದಸ್ಯರು, ಅವರಲ್ಲಿ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿ ಸಂಘಗಳವರು. ನಿಯಮದ ಮಾತು ಚೆನ್ನಾಗಿದೆ. ಸಭೆ ನಡೆದ ಕಡೆ ಮೈಕು ಹಿಡಿದವರು ಬಹುತೇಕ ಸಂಘದವರೇ.

ಗ್ರೇಟರ್ ಬೆಂಗಳೂರು ಆಡಳಿತ ಕಾಯಿದೆ 2025ರ ಮೇ 15ರಿಂದ ಜಾರಿಗೆ ಬಂದು, ಸೆಪ್ಟೆಂಬರ್ 2ರಂದು ಬಿಬಿಎಂಪಿಯ ಜಾಗದಲ್ಲಿ ಐದು ನಗರಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಸಿ.ವಿ. ರಾಮನ್ ನಗರ, ಶಾಂತಿನಗರ, ಶಿವಾಜಿನಗರ, ಗಾಂಧಿನಗರ, ಚಿಕ್ಕಪೇಟೆ, ಚಾಮರಾಜಪೇಟೆ ಕ್ಷೇತ್ರಗಳು ಸೇರಿ ಬೆಂಗಳೂರು ಕೇಂದ್ರ ನಗರಪಾಲಿಕೆಯಾಯಿತು. ಅದಕ್ಕೆ 63 ವಾರ್ಡುಗಳು. ವಾರ್ಡುಗಳು ಚಿಕ್ಕವಾಗುವುದರಿಂದ ಪಾಳ್ಯದ ಮತಕ್ಕೆ ಮೊದಲಿಗಿಂತ ತೂಕ ಬರಬಹುದು. ಹೊಸ ವಾರ್ಡ್ ಸಮಿತಿಗಳ ಬಗ್ಗೆ ಕೇಳಬೇಕಾದ ಬೇಡಿಕೆಗಳು ಚಿಕ್ಕವು, ದುಡ್ಡು ಬೇಡುವಂಥವೂ ಅಲ್ಲ. ಸಭೆ ಕೆಲಸದ ದಿನದ ಬೆಳಿಗ್ಗೆ ಹನ್ನೊಂದಕ್ಕೆ ಬೇಡ, ಮನೆಗೆಲಸ ಮುಗಿಸಿ ಬಂದವರೂ ಕೂರಬಹುದಾದ ಭಾನುವಾರ ಸಂಜೆಗಿರಲಿ. ವಾರ್ಡ್ ಆಫೀಸಿನ ಮೇಲಿನ ಮಹಡಿಯ ಬದಲು ಒಂದು ತಿಂಗಳು ಮೋಟಪ್ಪನಪಾಳ್ಯದ ದೇವಸ್ಥಾನದ ಅಂಗಳದಲ್ಲಿ, ಇನ್ನೊಂದು ತಿಂಗಳು ಡಿಫೆನ್ಸ್ ಕಾಲೊನಿಯ ಪಾರ್ಕಿನಲ್ಲಿ ನಡೆಯಲಿ. ನಡಾವಳಿಯನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಲಿ, ಹಿಂದಿನ ಸಭೆಯಲ್ಲಿ ಯಾರು ಏನು ಕೇಳಿದರು, ಯಾವ ಇಂಜಿನಿಯರ್ ಏನು ಒಪ್ಪಿಕೊಂಡರು ಎಂಬುದು ಅದರಲ್ಲಿರಲಿ.